ಚೀಟಿ ಯಾರ ಹೆಸರಿಗೆ? ವ್ಯಸನಿಯ ಮನೆಯವರು ಮತ್ತು ಅವರಿಗೆ ಸಿಗದ ನೆರವು

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ಮಂಗಳವಾರ ಬೆಳಿಗ್ಗೆ ಚೀಟಿ ಮಾಡಿಕೊಡುವ ಕಿಟಕಿಯ ಮುಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಒಳಗಿದ್ದವರು ಕೇಳಿದ್ದು ಒಂದೇ ಪ್ರಶ್ನೆ: ‘ಪೇಷಂಟ್ ಎಲ್ಲಿ?’ ಆಕೆ, ‘ಮಗ ಬರಂಗಿಲ್ರಿ, ಅದಕ್ಕ ನಾನ ಬಂದೀನಿ’ ಎಂದಳು. ‘ಅವನ್ನ ಕರ್ಕೊಂಡು ಬರ್ರಿ, ಆಗ ಚೀಟಿ ಮಾಡ್ತೀವಿ’ ಎಂಬ ಉತ್ತರ ಬಂತು. ಬಿಚ್ಚಿ ಹಿಡಿದಿದ್ದ ಹತ್ತು ರೂಪಾಯಿ ನೋಟನ್ನು ಆಕೆ ಮತ್ತೆ ಮಡಿಸಿ, ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡು, ಸಾಲಿನಿಂದ ಪಕ್ಕಕ್ಕೆ ಸರಿದಳು.

ಕಿಟಕಿಯ ಒಳಗಿದ್ದವರನ್ನು ದೂರುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅವರ ಮುಂದಿದ್ದ ರಿಜಿಸ್ಟರಿನಲ್ಲಿ ರೋಗಿಯ ಹೆಸರು, ವಯಸ್ಸು, ಊರು ಬರೆಯಲು ಅಂಕಣಗಳಿದ್ದವೇ ಹೊರತು, ರೋಗಿಯಿಂದಾಗಿ ನಿದ್ದೆಗೆಟ್ಟು ಬಂದವರ ಹೆಸರು ಬರೆಯಲು ಜಾಗ ಇರಲಿಲ್ಲ. ಮಾದಕ ವ್ಯಸನದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೂ ಹೆಚ್ಚುಕಡಿಮೆ ಈ ರಿಜಿಸ್ಟರಿನಂತೆಯೇ ಇದೆ. ಅದರಲ್ಲಿ ವ್ಯಸನಿ ಇದ್ದಾನೆ, ಮಾರುವವನಿದ್ದಾನೆ, ಪೊಲೀಸರಿದ್ದಾರೆ, ವೈದ್ಯರಿದ್ದಾರೆ. ಮನೆಯವರ ಪ್ರಸ್ತಾಪ ಬಂದರೂ ಅದು ಅವನನ್ನು ಚಿಕಿತ್ಸೆಗೆ ಎಳೆದುತರುವ ಹಗ್ಗವಾಗಿ ಮಾತ್ರ. ನನ್ನ ವಾದ ಇಷ್ಟೆ: ವ್ಯಸನಿ ಬಿಡಲಿ, ಬಿಡದಿರಲಿ, ಆಸ್ಪತ್ರೆಗೆ ಬರಲಿ, ಬಾರದಿರಲಿ, ಅವನ ತಾಯಿಗೆ, ಹೆಂಡತಿಗೆ, ಅಣ್ಣನಿಗೆ, ಗೆಳೆಯನಿಗೆ ತಮ್ಮದೇ ಹಕ್ಕಿನಿಂದ ನೆರವು ಸಿಗಬೇಕು. ಇದಕ್ಕೆ ಬೇಕಾದ ವ್ಯವಸ್ಥೆಯ ಬಹುಭಾಗ ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಆಗಲೇ ಇದೆ. ಆದರೆ ಅದರ ಬಾಗಿಲಿಗೆ ಬರೆದಿರುವುದು ರೋಗಿಯ ಹೆಸರೊಂದೇ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್‌ನ ತಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಸುಮಾರು 3.1 ಕೋಟಿ ಜನ ಗಾಂಜಾ ಅಥವಾ ಭಂಗಿ ಬಳಸುತ್ತಾರೆ, ಒಂದು ಕೋಟಿಗೂ ಹೆಚ್ಚು ಜನ ನಿದ್ದೆ ತರಿಸುವ ಔಷಧಗಳನ್ನು ಬಳಸುತ್ತಾರೆ. ಕುಡಿತದ ತೊಂದರೆಗೆ ನೆರವು ಬೇಕಾದವರೇ 5.7 ಕೋಟಿ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಹಾಗಾದರೆ ಉಳಿದ 37 ಮಂದಿಯನ್ನು ನೋಡಿಕೊಳ್ಳುತ್ತಿರುವವರು ಯಾರು? ರಾತ್ರಿ ಹೊರಬಾಗಿಲ ಅಗುಳಿಯ ಸದ್ದಿಗೆ ಕಿವಿಗೊಟ್ಟು ಮಲಗುವವರು, ವಾಂತಿ ಬಳಿಯುವವರು, ಗೌಡರ ಹೊಲದ ಕೆಲಸಕ್ಕೆ ‘ಜ್ವರ ಬಂದೈತ್ರಿ’ ಎಂದು ಸುಳ್ಳು ಹೇಳಿ ಕಳಿಸುವವರು, ಪಾನ್ ಅಂಗಡಿಯ ಉದ್ರಿ ತೀರಿಸುವವರು. ಯಾರೂ ಕಲಿಸದ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವ ಇವರೇ ಈ ದೇಶದ ಅತಿ ದೊಡ್ಡ ವ್ಯಸನ ಚಿಕಿತ್ಸಾ ವ್ಯವಸ್ಥೆ ಎಂದರೆ ಅದು ಅತಿಶಯೋಕ್ತಿಯಲ್ಲ.

ತಿಳಿವಳಿಕೆಯ ಕೊರತೆ ಈ ಜನರನ್ನು ಎಷ್ಟು ಅಪಾಯಕ್ಕೆ ಒಡ್ಡುತ್ತದೆ ಎಂಬುದನ್ನು ನೋಡಲು ರಾಯಚೂರಿನ ಸೇಂದಿಯೇ ಸಾಕು. ಮರದಿಂದ ಇಳಿಸಿದ ಸೇಂದಿಯ ಮಾತಲ್ಲ ಇದು. ತೆಲಂಗಾಣದ ಗಡಿಗುಂಟ ‘ಸಿ.ಎಚ್. ಪೌಡರ್’ ಎಂದೇ ಹೆಸರಾದ ಕ್ಲೋರಲ್ ಹೈಡ್ರೇಟ್ ಬೆರೆಸಿದ, ಕೆಲವೊಮ್ಮೆ ಡಯಾಜೆಪಾಮ್, ಆಲ್‌ಪ್ರಜೋಲಾಮ್‌ನಂತಹ ನಿದ್ದೆಯ ಔಷಧ ಬೆರೆಸಿದ ಬಿಳಿ ನೀರು. ಕ್ಲೋರಲ್ ಹೈಡ್ರೇಟ್ 1832ರಲ್ಲಿ ಜರ್ಮನಿಯ ಪ್ರಯೋಗಶಾಲೆಯಲ್ಲಿ ತಯಾರಾಗಿ, 1869ರಿಂದ ನಿದ್ದೆಯ ಔಷಧವಾಗಿ ಬಳಕೆಗೆ ಬಂದ ವಸ್ತು. ಯುರೋಪಿನ ವೈದ್ಯರು ಸುರಕ್ಷಿತವಲ್ಲವೆಂದು ಬಹುಪಾಲು ಕೈಬಿಟ್ಟ ಔಷಧ ನಮ್ಮಲ್ಲಿ ಕೂಲಿ ಮಾಡಿ ಬಂದವರ ಸಂಜೆಯ ಗ್ಲಾಸಿಗೆ ಬಂದು ಕುಳಿತದ್ದು ಹೇಗೆಂಬುದು ಬೇರೆಯೇ ಲೇಖನದ ವಿಷಯ. ಇಲ್ಲಿ ಹೇಳಬೇಕಾದದ್ದು, ಈ ಸೇಂದಿಗೆ ಒಗ್ಗಿಕೊಂಡ ದೇಹಕ್ಕೆ ಅದು ಒಮ್ಮೆಲೇ ಸಿಗದೆ ಹೋದರೆ ಏನಾಗುತ್ತದೆ ಎಂಬುದು. ಅಬಕಾರಿ ದಾಳಿ ನಡೆದು ಅಂಗಡಿ ಮುಚ್ಚಿದ ಮರುದಿನ ಕೈನಡುಕ, ಬೆವರು, ನಿದ್ದೆ ಇಲ್ಲದಿರುವುದು. ಆಮೇಲೆ ಕಣ್ಣಿಗೆ ಇಲ್ಲದ್ದು ಕಾಣುವುದು, ಸಂಬಂಧವಿಲ್ಲದ ಮಾತು, ಫಿಟ್ಸ್. 2020ರ ಲಾಕ್‌ಡೌನ್‌ನಲ್ಲಿ ತೆಲಂಗಾಣದಲ್ಲಿ ಸೇಂದಿ ಮತ್ತು ಮದ್ಯ ಎರಡೂ ನಿಂತಾಗ ಹೈದರಾಬಾದಿನ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಇಂತಹ ರೋಗಿಗಳ ಸಾಲೇ ಬಂದಿತ್ತು.

ಮನೆಯವರು ಇದನ್ನು ಹೇಗೆ ಓದಿಕೊಳ್ಳುತ್ತಾರೆ? ‘ನಾಟಕ ಮಾಡ್ತಾನ’ ಎಂದು ಕೆಲವರು, ‘ಗಾಳಿ ಸೋಕೈತಿ’ ಎಂದು ಕೆಲವರು. ಮೊದಲನೆಯವರು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಎರಡನೆಯವರು ತಾಯತ ಕಟ್ಟಿಸುತ್ತಾರೆ. ಇಬ್ಬರೂ ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಎರಡೂ ಕಡೆ ಪ್ರಾಣಾಪಾಯವಿದೆ. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೂ ಇದೇ ಕತೆ: ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳೊಳಗೆ, ಬುದ್ಧಿ ಕಲಕುವ ಸನ್ನಿ ಎರಡರಿಂದ ನಾಲ್ಕನೆಯ ದಿನದೊಳಗೆ. ಡಿಸೆಂಬರಿನಲ್ಲಿ ಅಂಜನಾದ್ರಿಗೆ ಹೋಗಲು ಹನುಮ ಮಾಲೆಯನ್ನೋ, ಶಬರಿಮಲೆಗೆಂದು ಅಯ್ಯಪ್ಪನ ಮಾಲೆಯನ್ನೋ ಹಾಕಿಸಿದರೆ ಬಿಡುತ್ತಾನೆಂಬ ನಂಬಿಕೆ ಗಂಗಾವತಿ ಸೀಮೆಯ ಮನೆಮನೆಯಲ್ಲಿದೆ. ನಾನು ಆ ನಂಬಿಕೆಯನ್ನು ಹಗುರ ಮಾಡುವವನಲ್ಲ. ಮಾಲೆಯ ದಿನಗಳಲ್ಲಿ ಮರ್ಯಾದೆಯಿಂದ ಕರೆಸಿಕೊಂಡು, ಮೈ ಹಗುರಾಗಿ, ‘ನನಗೂ ಆಗ್ತೈತಿ’ ಎಂದು ಕಂಡುಕೊಂಡವರಿದ್ದಾರೆ. ಆದರೆ ಮಾಲೆ ಹಾಕಿಸುವ ಮೊದಲು ಒಮ್ಮೆ ವೈದ್ಯರ ಬಳಿ ಹೋಗಿ ನಡುಕ ತಡೆಯುವ ಔಷಧ ಮತ್ತು ಬಿ-1 ಜೀವಸತ್ವ ಬರೆಸಿಕೊಳ್ಳಬೇಕೆಂಬುದನ್ನು ಆ ಹೆಂಡತಿಗೆ ಯಾರಾದರೂ ಹೇಳಿರಬೇಕಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ’ ಎಂಬ ಜಾಹೀರಾತನ್ನು ಗೋಡೆಯ ಮೇಲೆ ನೋಡದ ಊರಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಹೀಗೆ ಗುಟ್ಟಾಗಿ ಸಾರಿನಲ್ಲಿ ಕಲಸಿ ಕೊಡುವುದೂ ಉಂಟು. ಆ ಮಾತ್ರೆ ದೇಹದಲ್ಲಿರುವಾಗ ಮದ್ಯ ಹೊಟ್ಟೆಗೆ ಬಿದ್ದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು, ಕೆಲವರಲ್ಲಿ ಸಾವೂ ಸಂಭವಿಸಬಹುದು. ಅದಕ್ಕೇ ಅದನ್ನು ತೆಗೆದುಕೊಳ್ಳುವವನ ಒಪ್ಪಿಗೆ ಮತ್ತು ವೈದ್ಯರ ನಿಗಾ ಇಲ್ಲದೆ ಕೊಡುವಂತಿಲ್ಲ. ಹೆಂಡತಿ ಬಡಿಸಿದ ತಟ್ಟೆಯನ್ನೇ ಅನುಮಾನದಿಂದ ನೋಡುವ ಸ್ಥಿತಿ ಬಂದ ಮೇಲೆ ಆ ಮನೆಯಲ್ಲಿ ಮಾತಿಗೆ ಉಳಿಯುವ ಜಾಗವಾದರೂ ಎಷ್ಟು? ಹಾಗೆಂದು ಬೆರೆಸಿದವಳನ್ನು ಬೈಯುವುದೂ ಸಲ್ಲ. ಆಕೆಗೆ ಬೇರೆ ದಾರಿಯನ್ನು ಯಾರೂ ತೋರಿಸಿರಲಿಲ್ಲ, ಗೋಡೆಯೊಂದು ತೋರಿಸಿತು.

ದಾರಿ ಇಲ್ಲವೆಂದಲ್ಲ. ಜಿಮ್ ಆರ್‌ಫರ್ಡ್, ಅಲೆಕ್ಸ್ ಕೊಪೆಲ್ಲೊ, ರಿಚರ್ಡ್ ವೆಲ್ಲೆಮನ್ ಎಂಬ ಬ್ರಿಟನ್ನಿನ ಸಂಶೋಧಕರು ದಶಕಗಳ ಕಾಲ ವ್ಯಸನಿಗಳ ಮನೆಯವರನ್ನೇ ಕೇಳುತ್ತ ಹೋಗಿ ಕಂಡುಕೊಂಡದ್ದು ಸರಳವಾಗಿದೆ. ಈ ಜನ ರೋಗಿಷ್ಠರಲ್ಲ, ಅಸಹಜರಲ್ಲ, ವ್ಯಸನಕ್ಕೆ ಕಾರಣರೂ ಅಲ್ಲ. ದೀರ್ಘಕಾಲದ ಒತ್ತಡಕ್ಕೆ ಸಿಕ್ಕಿ ಮೈಮನಸ್ಸು ಸವೆದ ಸಾಮಾನ್ಯರು. ಅವರು ಹೊಂದಿಕೊಳ್ಳುವ ಬಗೆ ಮೂರು: ಸಹಿಸಿಕೊಳ್ಳುವುದು, ಎದುರು ನಿಲ್ಲುವುದು, ದೂರ ಸರಿಯುವುದು. ಇವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂಬ ತೀರ್ಪನ್ನು ಈ ಸಂಶೋಧಕರು ಕೊಡುವುದಿಲ್ಲ. ಪ್ರತಿಯೊಂದಕ್ಕೂ ಲಾಭವಿದೆ, ಬೆಲೆಯಿದೆ. ಗಂಡನಿಗೆ ಇನ್ನೂರು ರೂಪಾಯಿ ಕೊಟ್ಟು ಸುಮ್ಮನಾಗುವ ಹೆಂಡತಿ ಅಂದಿನ ರಾತ್ರಿ ಮಕ್ಕಳು ಓದಿಕೊಳ್ಳುವಷ್ಟು ಶಾಂತಿಯನ್ನು ಕೊಂಡುಕೊಳ್ಳುತ್ತಾಳೆ. ಅದನ್ನು ‘ನೀನೇ ಕೊಟ್ಟು ಕೆಡಿಸಿದಿ’ ಎನ್ನುವ ನೆರೆಯವರಿಗೆ ಆ ರಾತ್ರಿಯ ಲೆಕ್ಕ ಗೊತ್ತಿರುವುದಿಲ್ಲ. ಇವರು ರೂಪಿಸಿದ ಐದು ಹೆಜ್ಜೆಗಳ ಕ್ರಮದಲ್ಲಿ ಮೊದಲು ಅಡ್ಡಿಪಡಿಸದೆ ಕೇಳುವುದು, ನಂತರ ಬೇಕಾದ ಮಾಹಿತಿ ಕೊಡುವುದು, ಮೂರನೆಯದಾಗಿ ಈಗಿನ ನಡೆಯ ಲಾಭನಷ್ಟವನ್ನು ಒಟ್ಟಿಗೆ ತೂಗುವುದು, ನಾಲ್ಕನೆಯದಾಗಿ ಯಾರ ಆಸರೆ ಸಿಗಬಹುದೆಂದು ಹುಡುಕುವುದು, ಕೊನೆಗೆ ಮುಂದೇನು ಬೇಕೆಂದು ನೋಡುವುದು. ಮನೋವೈದ್ಯರೇ ಕೂತು ಮಾಡಬೇಕಾದ ಕೆಲಸವಲ್ಲ ಇದು. ನೆರೆಯ ಗೋವಾದಲ್ಲಿ ಇದೇ ವಿಧಾನವನ್ನು ಅಲ್ಲಿನ ಕುಟುಂಬಗಳಿಗೆ ಒಗ್ಗಿಸಿ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರ ಮೂಲಕ ನಡೆಸುವ ಪ್ರಯತ್ನವಾಗಿದೆ.

ಅಮೆರಿಕದ ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು ಬೆಳೆಸಿದ ಕ್ರಾಫ್ಟ್ ಎಂಬ ತರಬೇತಿ ಇನ್ನೊಂದು ದಿಕ್ಕಿನದು. ಜಗಳ, ಗೋಗರೆತ, ಆಣೆಪ್ರಮಾಣ ಬಿಟ್ಟು, ಅವನು ಕುಡಿಯದೆ ಇರುವ ಗಳಿಗೆಯನ್ನು ಹಿತವಾಗಿಸುವುದು, ಕುಡಿದು ಬಂದಾಗ ಮಾತು ಬೆಳೆಸದೆ ಸರಿದುಕೊಳ್ಳುವುದು, ಕುಡಿತದ ಪರಿಣಾಮವನ್ನು ಅವನೇ ಎದುರಿಸಲು ಬಿಡುವುದು, ಚಿಕಿತ್ಸೆಯ ಮಾತನ್ನು ಸರಿಯಾದ ಹೊತ್ತು ನೋಡಿ ಎತ್ತುವುದು, ಜೊತೆಗೆ ತನ್ನ ಬದುಕನ್ನು ತಾನು ನೋಡಿಕೊಳ್ಳುವುದು ಇದರ ತಿರುಳು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಒಲ್ಲೆನೆನ್ನುತ್ತಿದ್ದ ಕುಡುಕರ ಮನೆಯವರಿಗೆ ಈ ತರಬೇತಿ ಕೊಟ್ಟಾಗ 64 ಶೇಕಡಾ ಪ್ರಕರಣಗಳಲ್ಲಿ ಆತ ಚಿಕಿತ್ಸೆಗೆ ಬಂದ. ಮನೆಮಂದಿಯೆಲ್ಲ ಸೇರಿ ಎದುರು ಕೂರಿಸಿ ಮಾತಾಡುವ ವಿಧಾನದಲ್ಲಿ ಅದು 30, ಅಲ್-ಅನಾನ್ ಎಂಬ ಕೂಟದ ಮಾರ್ಗದ ಸಲಹೆಯಲ್ಲಿ 13. ಈ ಹೋಲಿಕೆ ಅಲ್-ಅನಾನ್‌ಗೆ ಅನ್ಯಾಯ ಮಾಡುತ್ತದೆಂದು ನನ್ನ ಅನಿಸಿಕೆ. 1951ರಲ್ಲಿ ಕುಡುಕರ ಮನೆಯವರೇ ಕಟ್ಟಿಕೊಂಡ ಆ ಕೂಟದ ಗುರಿ ಕುಡಿಯುವವನನ್ನು ಚಿಕಿತ್ಸೆಗೆ ತರುವುದಲ್ಲ, ಮನೆಯವರನ್ನು ಉಳಿಸುವುದು. ಹೊಡೆತ ಬಡಿತ ಇರುವ ಮನೆಯಲ್ಲಂತೂ ಯಾವ ವಿಧಾನಕ್ಕಿಂತ ಮೊದಲು ಸುರಕ್ಷತೆ: ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ಜಿಲ್ಲಾ ಕೇಂದ್ರದ ಸಖಿ ಕೇಂದ್ರ. ಇಂತಹ ಕಡೆ ‘ಹೊಂದಿಕೊಂಡು ಹೋಗವ್ವಾ’ ಎಂಬ ಸಲಹೆ ಅಪರಾಧಕ್ಕೆ ಸಮ.

ನಮ್ಮ ಸೀಮೆಗೆ ಈ ವಿಷಯದಲ್ಲಿ ಒಂದು ಹಳೆಯ ಹಿರಿಮೆಯೂ ಇದೆ, ಅದನ್ನು ನಾವೇ ಮರೆತಿದ್ದೇವೆ. ಮಾನಸಿಕ ಆರೋಗ್ಯವನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬಹುದೇ ಎಂಬ ಪ್ರಯೋಗವನ್ನು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಗಳಿಂದ ನಡೆದ ಆ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಇಂದು ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ವ್ಯಸನಕ್ಕೆಂದೇ 14446 ಇದೆ. ಈ ಎರಡೂ ಸಂಖ್ಯೆಗಳಿಗೆ ವ್ಯಸನಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಆದರೆ ಗೋಡೆಗೆ ಅಂಟಿಸಿದ ಫಲಕದಲ್ಲಿ ಆ ಮಾತು ಕಾಣುವುದಿಲ್ಲ.

ಗಾಂಜಾ ಸೇದುವ ಮಗನಿರುವ ಮನೆಯಲ್ಲಿ ಇನ್ನೊಂದು ಭಯವಿರುತ್ತದೆ: ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದೆ ಎಂಬುದು. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿಗೆ ಸಂಬಂಧಿಸಿದ ಅಪರಾಧದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ; ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯೂ ಹೋಗಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದ್ದು, ರೋಗಿಯ ವಿವರ ಗುಟ್ಟಾಗಿರಬೇಕೆನ್ನುತ್ತದೆ, ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ. ರಾತ್ರೋರಾತ್ರಿ ಗಾಡಿ ತಂದು ಹುಡುಗನನ್ನು ಎತ್ತಿಕೊಂಡು ಹೋಗುವ, ಆರು ತಿಂಗಳು ಮುಖ ನೋಡಲು ಬಿಡದ ಖಾಸಗಿ ಕೇಂದ್ರಗಳಿಗೆ ಸಂಘದ ಸಾಲ ತೆಗೆದು ದುಡ್ಡು ಕಟ್ಟುವ ಮೊದಲು ಮನೆಯವರು ಇದನ್ನು ತಿಳಿದಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಬೇಕು, ವೈದ್ಯರು ಯಾವಾಗ ಬರುತ್ತಾರೆ, ನಾವು ಫೋನ್ ಮಾಡಬಹುದೇ ಎಂದು ಕೇಳಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವನನ್ನು ದಾಖಲಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಮೊದಲ ಸಲಕ್ಕೆ ಅದರ ಮಿತಿ 30 ದಿನ.

ಗೆಳೆಯರ ಮಾತು ಈ ಚರ್ಚೆಯಲ್ಲಿ ಬರುವುದು ‘ಕೆಟ್ಟ ಸಹವಾಸ’ ಎಂಬ ಎರಡು ಶಬ್ದದಲ್ಲಿ. ಗೆಳೆಯನೇ ಕಲಿಸಿರಬಹುದು, ನಿಜ. ಆದರೆ ಮೊದಲು ತಿಳಿದುಕೊಳ್ಳುವವನೂ ಅವನೇ, ಮಧ್ಯರಾತ್ರಿ ಬೈಕಿನ ಮೇಲೆ ಹಿಂದೆ ಕೂರಿಸಿಕೊಂಡು ಬರುವವನೂ ಅವನೇ. ಅವನಿಗೆ ಹೇಳಬೇಕಾದ ನಾಲ್ಕು ಮಾತುಗಳಿವೆ: ಎಚ್ಚರ ತಪ್ಪಿದವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ನಿಂಬೆರಸ ಮಜ್ಜಿಗೆ ಬಾಯಿಗೆ ಸುರಿಯಬಾರದು, ‘ಮಲಗಿ ಎದ್ರ ಸರಿಹೋಗ್ತಾನ’ ಎಂದು ಒಬ್ಬನನ್ನೇ ಬಿಟ್ಟು ಹೋಗಬಾರದು, 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾನೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಬೈದು ಓಡಿಸಿದ ಗೆಳೆಯನಿಗೆ ಇದನ್ನು ಹೇಳಲಾಗುವುದಿಲ್ಲ.

ಒಂಟಿಯಾಗಿ ನುಂಗಿಕೊಳ್ಳುವ ನಾಚಿಕೆಯನ್ನು ಒಟ್ಟಾಗಿ ಹೇಳುವ ದೂರನ್ನಾಗಿ ಬದಲಿಸುವುದು ಹೇಗೆಂಬುದನ್ನು ರಾಯಚೂರಿನ ಹೆಣ್ಣುಮಕ್ಕಳು ಆಗಲೇ ತೋರಿಸಿದ್ದಾರೆ. ಮದ್ಯ ನಿಷೇಧಕ್ಕೆ ಆಗ್ರಹಿಸಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಮಹಿಳೆಯರ ಪಾದಯಾತ್ರೆಯಲ್ಲಿ ಈ ಭಾಗದವರು ಮುಂಚೂಣಿಯಲ್ಲಿದ್ದರು. ನಿಷೇಧದ ಬಗ್ಗೆ ನನಗೆ ಅನುಮಾನಗಳಿವೆ. 2007ರಲ್ಲಿ ಸಾರಾಯಿ ನಿಂತ ಮೇಲೆ ಕುಡಿಯುವವರು ಅಗ್ಗದ ವಿಸ್ಕಿ ಪ್ಯಾಕೆಟ್ಟಿಗೆ ಹೊರಳಿದ್ದನ್ನು ನೋಡಿದ್ದೇವೆ. ಆದರೆ ಆ ನಡಿಗೆಯಲ್ಲಿ ‘ನಿಮ್ಮನ್ಯಾಗೂ ಹಿಂಗನಾ?’ ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದಳಲ್ಲ, ಆ ಪ್ರಶ್ನೆಯೇ ಆಸರೆಯ ಗುಂಪಿನ ಮೊದಲ ಸಭೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ನಂತರ ಕುಡಿತ ಬಿಟ್ಟವರಿಗಾಗಿ ನವಜೀವನ ಸಮಿತಿಗಳು ಸೇರುತ್ತವೆ. ಮನೆಯವರಿಗೆಂದೇ ಸೇರುವ ಅಂತಹ ಕೂಟ ಯಾಕಾಗಬಾರದು? ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಕಟ್ಟಿದ ಚಿಕಿತ್ಸಾ ಕೇಂದ್ರದಲ್ಲಿ ಮನೆಯವರ ಚಿಕಿತ್ಸೆಯನ್ನೂ ರೋಗಿಯ ಚಿಕಿತ್ಸೆಯಷ್ಟೇ ಅಗತ್ಯವೆಂದು ನಡೆಸಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಒಂದು ತೊಡಕಿದೆ. ಸ್ತ್ರೀಶಕ್ತಿ ಸಂಘ ಪ್ರತಿ ಓಣಿಯಲ್ಲಿದ್ದರೂ ಅದೇ ಓಣಿಯವರ ಮುಂದೆ ಮಗನ ಸುದ್ದಿ ತೆಗೆಯಲು ಯಾರಿಗೂ ಮನಸ್ಸಾಗದು. ಮನೆಯಲ್ಲಿ ಮದುವೆಗೆ ಬೆಳೆದ ಮಗಳಿದ್ದರಂತೂ ಬಾಯಿ ಬಿಡುವ ಮಾತೇ ಇಲ್ಲ. ಗುಟ್ಟು ಉಳಿಯಬೇಕಾದರೆ ಕೂಟ ತಾಲ್ಲೂಕಿನಲ್ಲಿ, ಸಂತೆಯ ದಿನ ಸೇರಬೇಕು. ಸಂತೆಗೆ ಹೋಗಿಬರಲು ಯಾರಿಗೂ ಕಾರಣ ಹೇಳಬೇಕಿಲ್ಲ.

ಅಂದು ಸಾಲಿನಿಂದ ಸರಿದ ಹೆಣ್ಣುಮಗಳು ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಫೈಲು ಹಿಡಿದು ಬಂದ ನರ್ಸೊಬ್ಬರು ವಿಷಯ ಕೇಳಿ, ‘ನಿಮಗ ನಿದ್ದಿ ಬರ್ತೈತೇನಬೇ?’ ಎಂದರು. ‘ಎಲ್ಲಿ ನಿದ್ದಿ ಯವ್ವಾ, ಎರಡು ವರ್ಷಾತು.’ ‘ಮತ್ತ ಚೀಟಿ ನಿಮ್ಮ ಹೆಸರಿಗೇ ಮಾಡಸ್ರಿ.’ ಇದರಲ್ಲಿ ಸುಳ್ಳೇನೂ ಇರಲಿಲ್ಲ: ನಿದ್ದೆಯಿಲ್ಲ, ತಲೆನೋವು, ಹಸಿವಿಲ್ಲ, ಬಿ.ಪಿ. ಇದೆ. ಹತ್ತು ರೂಪಾಯಿಯ ನೋಟು ಸಂಚಿಯಿಂದ ಮತ್ತೆ ಹೊರಗೆ ಬಂತು. ಒಳಗೆ ವೈದ್ಯರು ‘ಏನ್ ತೊಂದ್ರಿ ನಿಮಗ?’ ಎಂದು ಕೇಳಿದಾಗ ಆಕೆ, ‘ನನ್ನ ಮಗ...’ ಎಂದು ಶುರುಮಾಡಿದಳು. ಅವರು ತಡೆಯಲಿಲ್ಲ, ಸ್ವಲ್ಪ ಹೊತ್ತಿನ ನಂತರ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು.